ಜೂನ್ ಒಂದರಂದು ಹುಟ್ಟಿದ ಬಸವರಾಜರು

ರಾಣೆಬೆನ್ನೂರಿನಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಚುನಾವಣೆ ಬಂದರೆ ಪಾಂಪ್ಲೆಟ್ಟು. ಇಪ್ಪತ್ತೆರಡು ವರ್ಷದಿಂದ ಮಂದಿಯ ಹೆಸರು ತಿದ್ದುವುದೇ ಕೆಲಸ. ಚಿ. ಇರಬೇಕಾದಲ್ಲಿ ಚಿ.ಸೌ. ಬಿದ್ದರೆ, ದಿವಂಗತರಾದ ಅಜ್ಜನ ಹೆಸರಿನ ಹಿಂದೆ ದಿ. ಬಿಟ್ಟುಹೋದರೆ ಬೀಗರ ಎದುರಿಗೆ ನಾನು ಕಳ್ಳನಂತೆ ನಿಲ್ಲಬೇಕಾಗುತ್ತದೆ. ಹಾಗಾಗಿ ಪ್ರೂಫನ್ನು ಮೂರು ಸಲ ಓದುವುದು ನನ್ನ ಚಟ. ಆದರೆ ಈ ಲೋಕ ನನ್ನ ಹೆಸರಿನಲ್ಲಿ ಏನೇನು ಅಚ್ಚು ಹಾಕಿದೆ ಅಂತ ನೋಡಿದ್ದು ಮಾತ್ರ ನಲವತ್ತೈದನೇ ವಯಸ್ಸಿಗೆ.

2024ರ ಜುಲೈ. ಮನೆಯ ಮೇಲೆ ಎರಡು ಕೋಣೆ ಏರಿಸೋಣ ಅಂತ ಬ್ಯಾಂಕಿಗೆ ಹೋಗಿದ್ದೆ. ಫೀಲ್ಡ್ ಆಫೀಸರ್ ಪರಿಚಯದವರೇ, ಅವರ ಮಗಳ ಲಗ್ನಪತ್ರಿಕೆ ಹೊಡೆದುಕೊಟ್ಟಿದ್ದೆ. ಪ್ಯಾನ್ ನಂಬರ್ ಒತ್ತಿ ಪರದೆ ನೋಡಿದವರು ಸ್ವಲ್ಪ ಹೊತ್ತು ಸುಮ್ಮನಾದರು.

"ಬಸಣ್ಣ, ನಿಮ್ಮ ಸಿಬಿಲ್ ಸರಿ ಇಲ್ಲಲ್ರಿ. ಆರುನೂರ ನಲವತ್ತೊಂದು ಐತಿ. ಒಂದು ಗಾಡಿ ಸಾಲ ರೈಟ್ ಆಫ್ ಆಗೇತಿ, ವಸೂಲಾಗಂಗಿಲ್ಲಂತ ಕೈಬಿಟ್ಟಾರ."

"ನಾ ಸಾಲದಾಗ ಗಾಡಿ ತಗೊಂಡೇ ಇಲ್ಲರಿ."

"ಇಲ್ಲೆ ಐತಲ್ರಿ ಮತ್ತ."

ಪಕ್ಕದ ಕುರ್ಚಿಯಲ್ಲಿ ಪಾಸ್‌ಬುಕ್ ಹಿಡಿದು ಕುಂತಿದ್ದ ಹಿರಿಯರೊಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಪ್ರೆಸ್ಸಿನಲ್ಲಿ ಎಷ್ಟೋ ಜನ ಬಾಕಿ ಉಳಿಸಿಕೊಂಡು ಹೋಗಿದ್ದಾರೆ, ಒಬ್ಬರನ್ನೂ ನಾನು ಹಾಗೆ ನೋಡಿದ್ದಿಲ್ಲ ಅನ್ನಿಸಿತು. ಆಫೀಸರ್ ಮಾತ್ರ ಒಳ್ಳೆಯ ದಾರಿ ಹೇಳಿದರು: ನಿಮ್ಮ ವರದಿ ನೀವೇ ತರಿಸಿ ಓದ್ರಿ, ದುಡ್ಡು ಕೊಡೋದೇನೂ ಬೇಕಾಗಿಲ್ಲ.

ನಮ್ಮ ಕಡೆ ಸಿಬಿಲ್ ಅಂದರೆ ಅಂಕ. ಅದು ಮಂದಿಯ ಸಾಲ, ಕಂತುಗಳ ಲೆಕ್ಕ ಇಡುವ ಒಂದು ಕಂಪನಿಯ ಹೆಸರು ಅನ್ನುವುದು ನನಗೂ ಆವತ್ತೇ ಗೊತ್ತಾದದ್ದು. 2000ದಲ್ಲಿ ಶುರುವಾದದ್ದು. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಹೈ ಮಾರ್ಕ್ ಎಂಬ ಇನ್ನೂ ಮೂರಕ್ಕೆ ರಿಸರ್ವ್ ಬ್ಯಾಂಕ್ 2010ರಲ್ಲಿ ಪರವಾನಗಿ ಕೊಟ್ಟಿತು. ಅಂದರೆ ನಮ್ಮ ಸಾಲದ ಜಾತಕ ಒಂದಲ್ಲ, ನಾಲ್ಕು ಕಡೆ ಇರುತ್ತದೆ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು ಅನ್ನುವ ನಿಯಮ 2017ರ ಜನವರಿಯಿಂದ ಇದೆ. ಏಳು ವರ್ಷ ಅದು ನನ್ನ ಪಾಲಿಗೆ ಬಿದ್ದಿತ್ತು, ನಾನು ಕೇಳಿರಲಿಲ್ಲ.

ಆ ರಾತ್ರಿ ಪ್ರೆಸ್ಸಿನ ಕಂಪ್ಯೂಟರಿನ ಮುಂದೆ ಕುಂತೆ. ಪ್ಯಾನ್, ಹುಟ್ಟಿದ ದಿನ, ಮೊಬೈಲಿಗೆ ಬರುವ ಒಟಿಪಿ. ಒಂದು ತಾಣ ಪುಟ ತಿರುವಿದಲ್ಲೆಲ್ಲ ತಿಂಗಳ ಚಂದಾ ಕಟ್ಟಿ ಅಂತ ದೊಡ್ಡ ಬಟನ್ ತೋರಿಸುತ್ತಿತ್ತು. ಪುಕ್ಕಟೆಯದು ಕೆಳಗೆ ಎಲ್ಲೋ ಸಣ್ಣಕ್ಷರದಲ್ಲಿ. ಇಂಥ ಆಟ ನಮಗೇನು ಹೊಸದೇ? ಷರತ್ತುಗಳನ್ನು ಆರು ಪಾಯಿಂಟಿನಲ್ಲಿ ಕೂಡಿಸಿ ಕೊಡ್ರಿ ಅಂತ ಕೇಳುವ ಗಿರಾಕಿಗಳು ನನಗೂ ಇದ್ದಾರೆ. ಎಲ್ಲಿ ಹುಡುಕಬೇಕೋ ಅಲ್ಲೇ ಹುಡುಕಿದೆ. ನಾವು ನಮ್ಮದೇ ವರದಿ ತೆಗೆದರೆ ಅಂಕ ಇಳಿಯುತ್ತದೆ ಅಂತ ನನ್ನ ಗೆಳೆಯನೊಬ್ಬ ಹೆದರಿಸಿದ್ದ, ಅದೂ ಸುಳ್ಳು. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ತೆಗೆದು ನೋಡಿದ್ದಷ್ಟೇ ಲೆಕ್ಕಕ್ಕೆ ಬರುವುದು.

ಹದಿನಾಲ್ಕು ಪುಟ. ಪ್ರಿಂಟ್ ಹಾಕಿ, ಕೆಂಪು ಪೆನ್ನು ಹಿಡಿದು ಪ್ರೂಫ್ ಓದುವ ಹಾಗೆಯೇ ಓದಿದೆ.

ಮೊದಲ ಪುಟದಲ್ಲೇ ನನ್ನ ಹೆಸರು ಮೂರು ತರಹ ಇತ್ತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಡಬ್ಲ್ಯೂ ಹಾಕಿ ಬರೆದ ಬಸವರಾಜ, ಪ್ಯಾನಿನಲ್ಲಿ ವಿ ಹಾಕಿದ ಬಸವರಾಜ, ಫ್ರಿಜ್ಜನ್ನು ಕಂತಿನ ಮೇಲೆ ತಂದಾಗ ಅಂಗಡಿಯ ಹುಡುಗ ಅವಸರದಲ್ಲಿ ಬರೆದ 'ಬಸವರಾಜಪ್ಪ'. ಅಪ್ಪ ಅಂತ ಮರ್ಯಾದೆ ಕೊಟ್ಟನಲ್ಲ, ಇರಲಿ. ಕೆಳಗೆ ವಿಳಾಸಗಳು. ನನ್ನ ಮನೆ, ಹಳೆಯ ಬಾಡಿಗೆ ಮನೆ, ಪ್ರೆಸ್. ನಾಲ್ಕನೆಯದು ನಮ್ಮದೇ ತಾಲೂಕಿನ, ತುಂಗಭದ್ರೆಯ ದಂಡೆಯ ಒಂದು ಹಳ್ಳಿ. ಜಾತ್ರೆಯ ಹ್ಯಾಂಡ್‌ಬಿಲ್ಲು ಹೊಡೆದುಕೊಟ್ಟಿದ್ದು ಬಿಟ್ಟರೆ ಆ ಊರಿಗೂ ನನಗೂ ಸಂಬಂಧವಿಲ್ಲ. ಆ ವಿಳಾಸಕ್ಕೆ ಕೆಂಪು ಗೆರೆ ಎಳೆದೆ.

ಖಾತೆಗಳಲ್ಲಿ ಪ್ರೆಸ್ಸಿನ ಮಷೀನಿನ ಸಾಲ ಇತ್ತು, ತೀರಿದೆ. ಫ್ರಿಜ್ಜಿನದೂ ಇತ್ತು, ತೀರಿದೆ. ಮೂರನೆಯದು ಟೂ ವೀಲರ್ ಸಾಲ. 2018ರ ಅಕ್ಟೋಬರ್, ರೂ. 52,000. ಅದರ ಕೆಳಗೆ ಸಣ್ಣ ಸಣ್ಣ ಚೌಕಗಳ ಕೋಷ್ಟಕ. ಒಂದೊಂದು ತಿಂಗಳಿಗೆ ಒಂದೊಂದು ಚೌಕ, ಒಳಗೆ ಮೂರಂಕಿ. ಕಂತು ಎಷ್ಟು ದಿನ ತಡವಾಗಿದೆ ಅನ್ನುವ ಲೆಕ್ಕ ಅದು. 000 ಇದ್ದರೆ ಸಮಯಕ್ಕೆ ಸರಿಯಾಗಿ ಬಂದಿದೆ ಅಂತ.

2019ರ ಜುಲೈವರೆಗೆ ಸಾಲಾಗಿ ಸೊನ್ನೆಗಳು. ಆಗಸ್ಟಿನಲ್ಲಿ 024. ಸೆಪ್ಟೆಂಬರಿನಲ್ಲಿ 054.

ನನ್ನ ಪೆನ್ನು ಅಲ್ಲೇ ನಿಂತಿತು. 2019ರ ಆಗಸ್ಟ್ ಅಂದರೆ ವರದಾ, ತುಂಗಭದ್ರೆ ಉಕ್ಕಿ ಬಂದ ತಿಂಗಳು. ಆ ದಿನಗಳಲ್ಲಿ ಪ್ರೆಸ್ಸಿನಲ್ಲಿ ನೆರೆ ಪರಿಹಾರದ ರಸೀದಿ ಪುಸ್ತಕ ಹೊಡೆದಿದ್ದೆ. ಆಮೇಲೆ ಅಲ್ಲೊಂದು ಇಲ್ಲೊಂದು ಕಂತು ಕಟ್ಟಿ 2020ರ ಫೆಬ್ರುವರಿಗೆ 058. ಅಲ್ಲಿಂದ ಮುಂದಿನ ಆರು ತಿಂಗಳೂ ಅದೇ 058, ಒಂದು ಅಂಕಿಯೂ ಅಲುಗಿಲ್ಲ. ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. ಆಮೇಲೆ ನೆನಪಾಯಿತು: ಲಾಕ್‌ಡೌನಿನಲ್ಲಿ ಮಾರ್ಚಿನಿಂದ ಆಗಸ್ಟ್ ಕೊನೆಯವರೆಗೆ ರಿಸರ್ವ್ ಬ್ಯಾಂಕ್ ಕಂತುಗಳಿಗೆ ಬಿಡುವು ಕೊಟ್ಟಿತ್ತಲ್ಲ, ದಿನದ ಎಣಿಕೆ ನಿಂತಲ್ಲೇ ನಿಂತಿತ್ತು. ಸೆಪ್ಟೆಂಬರಿನಲ್ಲಿ ಮತ್ತೆ ಓಡತೊಡಗಿತು. 088, 119, 149. ಮುಂದೆ ಇಳಿದದ್ದೇ ಇಲ್ಲ. 2021ರ ಜೂನಿನಲ್ಲಿ ಕೈಬಿಟ್ಟ ಸಾಲ ಅಂತ ಷರಾ.

ಆ ಎರಡು ವರ್ಷ ನನಗೇನು ಗೊತ್ತಿಲ್ಲವೇ! ಲಗ್ನಕ್ಕೆ ಐವತ್ತು ಮಂದಿ ಅಂದಮೇಲೆ ಪತ್ರಿಕೆ ಯಾರು ಹೊಡೆಸುತ್ತಾರೆ? ವಾಟ್ಸಾಪಿನಲ್ಲೇ ಕರೆ ಹೋಗುತ್ತಿತ್ತು. 2021ರ ಬೇಸಿಗೆಯಲ್ಲಿ ಕರೆಂಟ್ ಬಿಲ್ಲಿಗೂ, ಕಂಪೋಸಿಂಗ್ ಹುಡುಗನ ಪಗಾರಿಗೂ ದುಡ್ಡಿಲ್ಲದೆ ಬಾಗಿಲು ಎಳೆಯುವ ಹೊತ್ತಿಗೆ ನನ್ನಾಕಿ ತನ್ನ ಅಣ್ಣನಿಂದ ಅರವತ್ತು ಸಾವಿರ ತರಿಸಿ ಕೊಟ್ಟಳು. "ಅಣ್ಣನ ಮುಂದ ಈ ಮಾತು ತೆಗೀಬ್ಯಾಡ್ರಿ, ಅತ್ತಿಗಿಗೆ ಗೊತ್ತಿಲ್ಲ" ಅಂದಿದ್ದಳು. ವಾಪಸ್ ಕೊಡುವಾಗಲೂ ಅವಳ ಕೈಗೇ ತಿಂಗಳು ತಿಂಗಳು ಕೊಟ್ಟೆ. ಆ ಇನ್ನೊಬ್ಬ ಬಸವರಾಜನಿಗೆ ಅಂಥ ಭಾವ ಇರಲಿಲ್ಲವೇನೋ.

ಹೌದು, ಇನ್ನೊಬ್ಬ ಬಸವರಾಜ. ನಿಜವಾದ ಮೋಜು ಇಲ್ಲೇ ಇರುವುದು. ಸಾಲ ಕೊಟ್ಟವರು ಅವನ ಪ್ಯಾನ್ ಬರೆದಿರಲಿಲ್ಲ. ವೋಟರ್ ಐಡಿಯ ಮೇಲೆ ಕೊಟ್ಟ ಸಾಲ. ಪ್ಯಾನ್ ಇಲ್ಲದಾಗ ಈ ಕಂಪನಿಗಳ ಯಂತ್ರ ಹೆಸರು, ಹುಟ್ಟಿದ ದಿನ, ವಿಳಾಸ, ಫೋನು ಹೀಗೆ ಒಂದೊಂದನ್ನೇ ತಾಳೆ ನೋಡಿ ಇಬ್ಬರೂ ಒಬ್ಬರೇ ಇರಬೇಕು ಅಂತ ತೀರ್ಮಾನಿಸುತ್ತದೆ. ಹೆಸರು ಒಂದೇ. ತಂದೆಯ ಹೆಸರೂ ಒಂದೇ, ಇಬ್ಬರ ಅಪ್ಪನೂ ಬಸಪ್ಪ. ತಾಲೂಕು ಒಂದೇ. ಹುಟ್ಟಿದ ದಿನ 01-06-1979.

ಮುಂಬೈಯಲ್ಲಿ ಕುಂತು ಆ ಯಂತ್ರಕ್ಕೆ ಲೆಕ್ಕ ಬರೆದವರಿಗೆ ಹಳ್ಳಿಯ ಕನ್ನಡ ಶಾಲೆ ಗೊತ್ತಿರಲಿಕ್ಕಿಲ್ಲ. ಅಪ್ಪ ನನ್ನನ್ನು ಕೈಹಿಡಿದು ಒಂದನೆಯತ್ತೆಗೆ ಸೇರಿಸಲು ಹೋದಾಗ ಹೆಡ್‌ಮಾಸ್ತರರು ಹುಟ್ಟಿದ ದಿನ ಕೇಳಿದರಂತೆ. ಅಪ್ಪ "ಸೀಗಿ ಹುಣ್ಣಿವಿ ಮರುದಿನ ಹುಟ್ಯಾನ್ರಿ" ಅಂದರು. ಮಾಸ್ತರರು ನನ್ನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡಿ, ವಯಸ್ಸಾಗಿದೆ ಅಂತ ಖಾತ್ರಿ ಮಾಡಿಕೊಂಡು ಜೂನ್ ಒಂದು ಅಂತ ಬರೆದರು. ಶಾಲೆ ಶುರುವಾಗುವ ದಿನ, ಲೆಕ್ಕಕ್ಕೆ ಸುಲಭ. ನಮ್ಮ ತರಗತಿಯಲ್ಲಿ ಹನ್ನೊಂದು ಮಂದಿ ಒಂದೇ ದಿನ ಹುಟ್ಟಿದವರು. ಆಚೆ ಹಳ್ಳಿಯ ಮಾಸ್ತರರೂ ಆ ಬಸವರಾಜನ ಕೈಯನ್ನು ಕಿವಿಗೆ ಮುಟ್ಟಿಸಿ ಅದನ್ನೇ ಬರೆದಿರಬೇಕು. ಇಡೀ ಒಂದು ಪೀಳಿಗೆಯನ್ನು ಒಂದೇ ದಿನ ಹೆತ್ತ ನಾಡಿನಲ್ಲಿ ಹುಟ್ಟಿದ ದಿನವನ್ನು ಗುರುತಿಗೆ ಹಿಡಿದರೆ ಇನ್ನೇನಾದೀತು?

ನಾಲ್ಕೂ ಕಡೆಯ ವರದಿ ತರಿಸಿದೆ. ಎರಡು ಕಡೆ ಗಾಡಿ ಸಾಲ ನನ್ನ ತಲೆಗೆ, ಇನ್ನೆರಡು ಕಡೆ ನಾನು ಚೊಕ್ಕ. ತಪ್ಪಿದ್ದ ಎರಡೂ ಕಡೆ 'ಈ ಖಾತೆ ನನ್ನದಲ್ಲ' ಅಂತ ತಕರಾರು ದಾಖಲಿಸಿದೆ. ತಪ್ಪು ತೋರಿಸಿದರೂ ಈ ಕಂಪನಿಗಳು ತಾವಾಗಿ ಒಂದಕ್ಷರವನ್ನೂ ತಿದ್ದುವ ಹಾಗಿಲ್ಲ. ಸಾಲ ಕೊಟ್ಟವರನ್ನು ಕೇಳಬೇಕು, ಅವರು ಹೂಂ ಅನ್ನಬೇಕು. ಪತ್ರಿಕೆಯಲ್ಲಿ ತಪ್ಪು ಕಂಡರೂ ಬೀಗರನ್ನು ಕೇಳದೆ ನಾನು ತಿದ್ದುವುದಿಲ್ಲ, ಆ ಮಟ್ಟಿಗೆ ನಮ್ಮಿಬ್ಬರ ಧಂದೆಯ ಧರ್ಮ ಒಂದೇ.

ಒಂದು ಕಡೆಯಿಂದ ಮೂರು ವಾರದೊಳಗೆ ಖಾತೆ ತೆಗೆದಿದ್ದೇವೆ ಅಂತ ಬಂತು. ಇನ್ನೊಂದು ಕಡೆಯಿಂದ, ಸಾಲದಾತರು ಪರಿಶೀಲಿಸಿದ್ದಾರೆ, ಮಾಹಿತಿ ಸರಿಯಾಗಿದೆ ಅಂತ. ಸರಿಯೇ ಇದೆ ಮತ್ತೆ! ಐವತ್ತೆರಡು ಸಾವಿರ ಸಾಲ ಕೊಟ್ಟದ್ದು ನಿಜ, ಬರದೆ ಉಳಿದದ್ದೂ ನಿಜ. ಎಷ್ಟು ಅಂತ ನೋಡಿದ್ದಾರೆ, ಯಾರದು ಅಂತ ನೋಡಿಲ್ಲ.

ಹುಬ್ಬಳ್ಳಿಯಲ್ಲಿರುವ ಆ ಫೈನಾನ್ಸ್ ಕಚೇರಿಗೆ ಬಸ್ ಹತ್ತಿದೆ. ಹೆಸರು ಬೇಡ. ಒಂದು ಸಲ ಹೋದರೆ ಸಂಬಂಧಪಟ್ಟ ಸಾಹೇಬರು ರಜೆ. ಎರಡನೆಯ ಸಲ ಒಬ್ಬ ತರುಣ ಸಿಕ್ಕ. (ನನ್ನಾಕಿಯನ್ನು ಕಳಿಸಿದ್ದರೆ ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಹೋಗಿಬರುತ್ತಿದ್ದಳು, ನಾನು ಎರಡೂ ಸಲ ಟಿಕೆಟ್ ತೆಗೆದೆ.) ಆಧಾರ್, ಪ್ಯಾನ್, ವೋಟರ್ ಐಡಿ, ಹಳೆಯ ಮಾರ್ಕ್ಸ್ ಕಾರ್ಡು, ಎಲ್ಲ ಮೇಜಿನ ಮೇಲೆ ಹರವಿದೆ. ಹುಡುಗ ಕಂಪ್ಯೂಟರಿನಲ್ಲಿ ಸಾಲದ ಕಾಗದ ತೆಗೆದ. ಪರದೆ ನೋಡಿದ, ನನ್ನ ಮುಖ ನೋಡಿದ, ಮತ್ತೆ ಪರದೆ ನೋಡಿದ.

"ಇವರು ನೀವಲ್ಲ ಬಿಡ್ರಿ ಸರ."

"ಫೋಟೋ ಐತೇನ್ರಿ?"

"ಐತ್ರಿ."

ಕುತ್ತಿಗೆ ಚಾಚಿದೆ. ಹುಡುಗ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. ತೋರಿಸಬಾರದು ನಿಜ. ಆದರೂ ನೋಡಬೇಕಿತ್ತು. ಅವನ ಸೊನ್ನೆಗಳನ್ನೆಲ್ಲ ಬಾಯಿಪಾಠ ಮಾಡಿದವನಿಗೆ ಮುಖ ಒಂದು ಗೊತ್ತಿಲ್ಲ.

"ಗಾಡಿ ಏನಾತ್ರಿ ಅವರದು?"

"ಅದನ್ನೆಲ್ಲ ಹೇಳಾಕ ಬರಂಗಿಲ್ರಿ."

ಹೊಸದಾಗಿ ತಕರಾರು ಹಾಕಿ, ಹುಡುಗ ಸೀಲು ಒತ್ತಿಕೊಟ್ಟ ಪತ್ರ ಜೋಡಿಸಿದೆ. ಮೂವತ್ತು ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ನಿಯಮ ಅದೇ ಏಪ್ರಿಲ್ 26ರಿಂದ ಜಾರಿಯಾಗಿತ್ತು. ನನ್ನದು ಬಗೆಹರಿದದ್ದು ಮೂವತ್ಮೂರನೇ ದಿನ. ಬ್ಯಾಂಕ್ ಖಾತೆಗೆ ಮುನ್ನೂರು ರೂಪಾಯಿ ಬಂದು ಬಿತ್ತು! ಹುಬ್ಬಳ್ಳಿಯ ಓಡಾಟಕ್ಕೆ ಹೋದದ್ದು ಅದಕ್ಕಿಂತ ಹೆಚ್ಚು, ಆದರೆ ಇಂಥ ಕಡೆಯಿಂದ ನನ್ನ ಕಡೆಗೆ ದುಡ್ಡು ಹರಿದದ್ದು ಅದೇ ಮೊದಲು. ಪ್ರೆಸ್ಸಿನ ಹುಡುಗರಿಗೆ ಗಿರ್ಮಿಟ್ಟು, ಮಿರ್ಚಿ ತರಿಸಿದೆ. ಅಕ್ಟೋಬರಿನಲ್ಲಿ ಬ್ಯಾಂಕಿನವರು ಮತ್ತೆ ತೆಗೆದು ನೋಡಿದಾಗ ಅಂಕ 758. ಸಾಲ ಮಂಜೂರಾಯಿತು, ಮೇಲಿನ ಕೋಣೆಗಳು ಏಳತೊಡಗಿದವು.

2025ರ ಜನವರಿ ಬಂತು. ಹೊಸ ವರ್ಷ, ಹೊಸ ಪುಕ್ಕಟೆ ವರದಿ. ತಗೊಂಡು ನೋಡಿದೆ. ಗಾಡಿ ಸಾಲ ಹೋಗಿದೆ. ವಿಳಾಸಗಳ ಪಟ್ಟಿಯಲ್ಲಿ ಹೊಳೆದಂಡೆಯ ಆ ಹಳ್ಳಿ ಮಾತ್ರ ಒಂದು ಕಡೆ ಇನ್ನೂ ಉಳಿದಿತ್ತು. ಅದಕ್ಕೂ ತಕರಾರು ಹಾಕಬಹುದಿತ್ತು. ಹಾಕಲಿಲ್ಲ. ಇರಲಿ ಬಿಡು, ಅಂಕಕ್ಕೇನೂ ಧಕ್ಕೆಯಿಲ್ಲ.

ನನ್ನ ಈ ಉಸಾಬರಿಯನ್ನೆಲ್ಲ ಆರು ತಿಂಗಳಿಂದ ನೋಡಿ ನಗುತ್ತಿದ್ದ ನನ್ನಾಕಿಗೆ ಆವತ್ತು ನಾನೇ ಅಂದೆ, ನಿಂದೂ ಒಮ್ಮೆ ನೋಡೋಣು, ನಿನ್ನ ಹೆಸರಿನಾಕಿ ಇನ್ನೊಬ್ಬಾಕಿ ಎಲ್ಲೆರೆ ಅದಾಳೇನು ಅಂತ. ಅವಳದೂ ಜೂನ್ ಒಂದೇ. ಮೊದಲು ಒಲ್ಲೆ ಅಂದಳು. "ನಂದೇನೈತಿ ಅದರಾಗ, ಒಂದು ಸಾಲ ಮಾಡೀನೋ ಸಂತೀ ಮಾಡೀನೋ." ಆಮೇಲೆ ತಾನೇ ಒಟಿಪಿ ಒತ್ತಿದಳು.

ಒಂದೇ ಒಂದು ಖಾತೆ ಇತ್ತು. ಬಂಗಾರದ ಸಾಲ. 2021ರ ಮೇ, ರೂ. 60,000. ಸಾಲುಗಟ್ಟಿ ಸೊನ್ನೆಗಳು, 2022ರ ಫೆಬ್ರುವರಿಗೆ ಮುಕ್ತಾಯ.

ಪೆನ್ನು ಹಿಡಿದು, "ತಡಿ, ಇದೂ ಬ್ಯಾರೇದವರದು ಬಂದೈತಿ" ಅಂತ ಹೇಳುವವನಿದ್ದೆ. ಅಷ್ಟರಲ್ಲಿ ಅವಳೇ ಅಂದಳು: "ಮುಗಿಸಿದ್ದೂ ಬರತೈತೇನ್ರಿ ಇದರಾಗ?"

ಅವಳ ಕೈ ನೋಡಿದೆ. ಪಾಟ್ಲಿ ಇದ್ದವು. ಆ ವರ್ಷ ಇದ್ದವೋ ಇಲ್ಲವೋ, ಎಷ್ಟು ನೆನಪು ಮಾಡಿಕೊಂಡರೂ ಹೊಳೆಯಲಿಲ್ಲ.

"ನಿಮ್ಮಣ್ಣ?"

"ಅಂವಾ ಎಲ್ಲಿಂದ ಕೊಡ್ತಾನ್ರಿ, ಅವಂದs ಅವಂಗ ಸಾಕಾಗಿತ್ತು."

ನಾನು ಮೂರೂವರೆ ವರ್ಷದಿಂದ ಆ ಮನುಷ್ಯನ ಎದುರಿಗೆ ದನಿ ಎತ್ತಿರಲಿಲ್ಲ. ಅವನು ಹೇಳಿದ ಪಕ್ಷಕ್ಕೇ ಓಟು ಹಾಕುತ್ತೇನೆ ಅಂತ ತಲೆಯಾಡಿಸಿದ್ದೆ. ಹೋದ ಬ್ಯಾಸಗಿಯಲ್ಲಿ ಅವನ ಮನೆಯ ಗೃಹಪ್ರವೇಶಕ್ಕೆ ಐನೂರು ಪತ್ರಿಕೆ, ಬಂಗಾರದ ಫಾಯಿಲ್ ಸಮೇತ, ಒಂದು ಪೈಸೆ ತಗೊಳ್ಳದೆ ಹೊಡೆದುಕೊಟ್ಟಿದ್ದೆ.

"ಮತ್ತ ಆ ಪತ್ರಿಕಿ ಹೊಡೆಯೋ ಮುಂದರೆ ಹೇಳಬಾರದೇನ?"

"ಹೇಳಿದ್ರ ನೀವು ಫಾಯಿಲ್ ಹಾಕತಿದ್ದಿಲ್ಲ" ಅಂದಳು.