ಬೂದಿನ ಸುಣ್ಣದ ಲೆಕ್ಕದಲ್ಲೇ ಹಾಕಿ

ಗಿಡ ಏಳ್ತಿಲ್ಲ ಅಂದ್ರೆ ಸಾಕು, "ಒಂದಿಷ್ಟು ಬೂದಿ ಹಾಕ್ನೋಡಿ" ಅನ್ನೋರು ಒಬ್ರಾದ್ರೂ ಸಿಕ್ಕೇ ಸಿಗ್ತಾರೆ. ಸಲಹೆ ಸುಳ್ಳೇನಲ್ಲ, ಆದ್ರೆ ಅರ್ಧ ಸಲಹೆ. ಹೇಳೋರೂ ಹಾಕೋರೂ ಇಬ್ರೂ ಅದನ್ನ ಗೊಬ್ಬರ ಅಂದ್ಕೊಂಡಿರ್ತಾರೆ, ಗೊಬ್ಬರ ಅಂದ್ಮೇಲೆ ಜಾಸ್ತಿ ಹಾಕಿದಷ್ಟೂ ಒಳ್ಳೇದು ಅನ್ನೋ ಲೆಕ್ಕ ತಾನಾಗೇ ಬಂದ್ಬಿಡುತ್ತೆ. ನನ್ನ ಕೇಳಿದ್ರೆ ಬೂದಿನ ಸುಣ್ಣ, ಅಂದ್ರೆ ಮಣ್ಣಿನ ಹುಳಿ ಮುರಿಯೋ ವಸ್ತು ಅಂದ್ಕೊಂಡೇ ಕೈಗೆ ತಗೋಬೇಕು. ಜೊತೆಗೆ ಒಂದಿಷ್ಟು ಪೊಟ್ಯಾಷ್ (ಗಿಡಕ್ಕೆ ಬೇಕಾದ ಪೊಟ್ಯಾಷಿಯಂ ಇರೋ ಲವಣ) ಬರುತ್ತೆ, ಬಂದ್ರೆ ಬರ್ಲಿ, ಒಳ್ಳೇದೇ.

ಮಣ್ಣು ಯಾಕೆ ಹುಳಿ ಆಗುತ್ತೆ ಅಂತ ಮೊದ್ಲು ನೋಡಿ. ಮಳೆ ಜಾಸ್ತಿ ಇರೋ ಕಡೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷಿಯಂ ಎಲ್ಲಾ ನೀರಿನ ಜೊತೆ ಕೆಳಗೆ ಇಳಿದು ಹೋಗ್ತಾ ಇರುತ್ತೆ, ಆ ಜಾಗಕ್ಕೆ ಹುಳಿ ಮಾಡೋ ಹೈಡ್ರೋಜನ್ನು ಅಲ್ಯೂಮಿನಿಯಂ ಬಂದು ಕೂತ್ಕೊಳ್ತವೆ. ಅಮೋನಿಯಂ ಇರೋ ರಾಸಾಯನಿಕ ಗೊಬ್ಬರನೂ ಮಣ್ಣಲ್ಲಿ ನೈಟ್ರೇಟ್ ಆಗುವಾಗ ಆಮ್ಲ ಬಿಡುತ್ತೆ. ಇವೆರಡೂ ತುಂಬ ಜನಕ್ಕೆ ಗೊತ್ತು. ಮೂರನೇದು ಮಾತ್ರ ಯಾರೂ ಅಷ್ಟಾಗಿ ಹೇಳಲ್ಲ, ನನಗೆ ಅದೇ ಮುಖ್ಯ ಅನ್ಸೋದು. ಗಿಡದ ಬೇರು ಪೊಟ್ಯಾಷಿಯಂ, ಕ್ಯಾಲ್ಸಿಯಂ ಥರದ ಪಾಸಿಟಿವ್ ಚಾರ್ಜ್ ಇರೋ ಅಯಾನುಗಳನ್ನ (ವಿದ್ಯುತ್ ಚಾರ್ಜ್ ಹೊತ್ತ ಕಣಗಳನ್ನ) ಒಳಗೆ ಎಳ್ಕೊಂಡಾಗ ಚಾರ್ಜ್ ಸರಿದೂಗಿಸೋಕೆ ಹೈಡ್ರೋಜನ್ ಅಯಾನುಗಳನ್ನ ಹೊರಗೆ ಬಿಡುತ್ತೆ, ಅಂದ್ರೆ ಹುಳಿ ಮಣ್ಣಲ್ಲಿ ಉಳೀತು, ಆ ಹುಳಿ ಮುರಿಯೋ ಕ್ಷಾರ ಗಿಡದೊಳಗೆ ಹೋಯ್ತು. ಗಿಡ ಅಲ್ಲೇ ಬಿದ್ದು ಕೊಳೆತ್ರೆ ಆ ಕ್ಷಾರ ವಾಪಸ್ ಮಣ್ಣಿಗೇ ಸೇರುತ್ತೆ. ನಾವು ಕೊಯ್ದು, ಕಡಿದು, ಹೊತ್ಕೊಂಡು ಹೋದ್ರೆ ಹೋದಂಗೇ. ಆಮೇಲೆ ಅದನ್ನ ಎಲ್ಲೋ ಒಲೆಗೋ ಬಾಯ್ಲರಿಗೋ ಹಾಕಿ ಸುಟ್ರೆ ಇಂಗಾಲ, ಸಾರಜನಕ ಗಾಳಿಗೆ ಹೋಗಿ ಕೊನೆಗೆ ತಳದಲ್ಲಿ ಉಳಿಯೋದು ಏನಪ್ಪಾ ಅಂದ್ರೆ ಬಹುಪಾಲು ಅದೇ ಕ್ಷಾರ. ಅದನ್ನ ತಿಪ್ಪೆಗೋ ಚರಂಡಿಗೋ ಸುರೀತೀವಿ!

ಹಂಗಂತ ಬೂದೀಲಿ ಎಲ್ಲಾ ಇದೆ ಅಂದ್ಕೋಬೇಡಿ. ಸಾರಜನಕ ಹೆಚ್ಚುಕಮ್ಮಿ ಸೊನ್ನೆ, ಗಂಧಕದಲ್ಲೂ ಸುಮಾರು ಭಾಗ ಸುಟ್ಟೇ ಹೋಗಿರುತ್ತೆ. ಸೌದೆ ಬೂದೀಲಿ ಜಾಸ್ತಿ ಇರೋದು ಕ್ಯಾಲ್ಸಿಯಂ, ಆಮೇಲೆ ಪೊಟ್ಯಾಷ್, ಸ್ವಲ್ಪ ಮೆಗ್ನೀಷಿಯಂ, ಅದಕ್ಕಿಂತ ಕಮ್ಮಿ ರಂಜಕ. ಹುಳಿ ಮುರಿಯೋ ಶಕ್ತೀಲಿ ಒಳ್ಳೆ ಸೌದೆ ಬೂದಿ ಶುದ್ಧ ಸುಣ್ಣಕಲ್ಲಿನ ಪುಡಿಯ ಅರ್ಧದಷ್ಟು ಅಂತ ಇಟ್ಕೊಳ್ಳಿ, ಅಂದ್ರೆ ಒಂದು ಕೆಜಿ ಸುಣ್ಣಕಲ್ಲಿನ ಪುಡಿ ಮಾಡೋ ಕೆಲ್ಸಕ್ಕೆ ಸುಮಾರು ಎರಡು ಕೆಜಿ ಬೂದಿ. ಇದು ಸುಟ್ಟಿದ್ದೇನು ಅನ್ನೋದರ ಮೇಲೆ ತುಂಬ ಏರುಪೇರಾಗುತ್ತೆ. ಭತ್ತದ ಹೊಟ್ಟು ಸುಟ್ರೆ ಐದನೇ ಒಂದು ಭಾಗ ಬೂದಿ ಉಳಿಯುತ್ತೆ, ನೋಡೋಕೆ ರಾಶಿ, ಆದ್ರೆ ಅದರಲ್ಲಿ ಬಹುತೇಕ ಸಿಲಿಕಾ (ಮರಳಲ್ಲಿರೋ ವಸ್ತು), ಹುಳಿ ಮುರಿಯೋಕೆ ಅಷ್ಟಾಗಿ ಪ್ರಯೋಜನ ಇಲ್ಲ. ಗಟ್ಟಿ ಮರದ ಸೌದೆ ಸುಟ್ರೆ ಬೂದಿ ಬರೋದೇ ನೂರಕ್ಕೆ ಒಂದು ಪಾಲಿನ ಆಸುಪಾಸು, ಆದ್ರೆ ಅದು ಖಡಕ್ ಬೂದಿ. ತೊಗಟೆ, ಎಲೆ, ಸಣ್ಣ ಕಡ್ಡಿಗಳಲ್ಲಿ ದಿಮ್ಮಿಗಿಂತ ಜಾಸ್ತಿ ಬೂದಿ ಸಿಗುತ್ತೆ.

ಈಗ ಹುಳಿ ಮಣ್ಣಿನ ವಿಷ್ಯ. ಪಿಎಚ್ ಅಂದ್ರೆ ಹುಳಿ ಅಳೆಯೋ ಅಂಕಿ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ. ಅದು 6ರಿಂದ 5ಕ್ಕೆ ಇಳೀತು ಅಂದ್ರೆ ಒಂದೇ ಅಂಕಿ ತಾನೇ ಅನ್ಸುತ್ತೆ, ಆದ್ರೆ ಅದು ಹತ್ತು ಪಟ್ಟು ಹುಳಿ. ಸುಮಾರು 5.5ಕ್ಕಿಂತ ಕೆಳಗೆ ಹೋದ್ರೆ ಮಣ್ಣಲ್ಲಿ ಕಲ್ಲಿನ ಥರ ಸುಮ್ನೆ ಕೂತಿದ್ದ ಅಲ್ಯೂಮಿನಿಯಂ ನೀರಲ್ಲಿ ಕರಗೋಕೆ ಶುರು ಆಗುತ್ತೆ, ಅದು ಬೇರಿನ ತುದಿಗೇ ವಿಷ. ಗಿಡ ಕಿತ್ತು ನೋಡಿದ್ರೆ ಬೇರು ಮೊಂಡಾಗಿ, ದಪ್ಪಗೆ, ಕವಲೇ ಇಲ್ದೆ ಇರುತ್ತೆ, ಅಂಥಾ ಗಿಡ ಒಂದು ಅಡಿ ಕೆಳಗೆ ನೀರಿದ್ರೂ ನಾಲ್ಕು ದಿನ ಬಿಸಿಲಿಗೆ ಬಾಡುತ್ತೆ. ಹಾಕಿದ ರಂಜಕನ ಕಬ್ಬಿಣ, ಅಲ್ಯೂಮಿನಿಯಂ ಹಿಡ್ಕೊಂಡುಬಿಡ್ತವೆ. ದ್ವಿದಳ ಧಾನ್ಯಗಳ ಬೇರುಗಂಟು (ಗಾಳಿಯ ಸಾರಜನಕ ಹಿಡಿಯೋ ಗಂಟು) ಸರಿಯಾಗಿ ಕಟ್ಟಲ್ಲ. ಹಾಗಾಗಿ ಬೂದಿ ಹಾಕಿದ್ಮೇಲೆ ಗಿಡ ಚಿಗುರಿದ್ರೆ ಅದಕ್ಕೆ ಬೂದಿ ಊಟ ಹಾಕ್ತು ಅಂತಲ್ಲ, ಎಷ್ಟೋ ಸಲ ಮಣ್ಣಲ್ಲೇ ಇದ್ದ ಊಟ ತಿನ್ನೋಕೆ ಬೇರಿಗೆ ಈಗ ಆಯ್ತು ಅಂತ. ಹುಳಿ ಇಲ್ಲದ ಮಣ್ಣಿಗೆ ಬೂದಿ ಹಾಕಿ ಏನೂ ಆಗ್ಲಿಲ್ಲ ಅಂತ ಗೊಣಗೋರಿಗೆ ಇದೇ ನನ್ನ ಉತ್ತರ.

ಎಷ್ಟು ಹಾಕ್ಬೇಕು ಅನ್ನೋದಕ್ಕೆ ಎಲ್ಲಾ ಮಣ್ಣಿಗೂ ಒಂದೇ ಉತ್ತರ ಇಲ್ಲ. ಮರಳು ಮಣ್ಣಾದ್ರೆ ಸ್ವಲ್ಪ ಬೂದಿಗೇ ಪಿಎಚ್ ಜಿಗಿದುಬಿಡುತ್ತೆ, ಜೇಡಿಮಣ್ಣು, ಸಾವಯವ ಅಂಶ ಜಾಸ್ತಿ ಇರೋ ಮಣ್ಣು ಅಷ್ಟು ಸುಲಭಕ್ಕೆ ಜಗ್ಗಲ್ಲ, ಯಾಕಂದ್ರೆ ಅದರ ಕಣಗಳಿಗೆ ಅಂಟ್ಕೊಂಡಿರೋ ಹುಳಿ ಒಂದೊಂದೇ ಬಿಟ್ಟು ಹೊರಗೆ ಬರ್ತಾ ಇರುತ್ತೆ. ಅದಕ್ಕೇ ಬರೀ ಪಿಎಚ್ ನೋಡಿದ್ರೆ ಸಾಲ್ದು, ಲ್ಯಾಬಲ್ಲಿ ಮಣ್ಣು ಪರೀಕ್ಷೆ ಮಾಡಿಸುವಾಗ ಎಷ್ಟು ಸುಣ್ಣಕಲ್ಲಿನ ಪುಡಿ ಬೇಕು ಅನ್ನೋದನ್ನೂ ಕೇಳಿ ಬರೆಸ್ಕೊಳ್ಳಿ, ಅದನ್ನ ಎರಡು ಪಟ್ಟು ಮಾಡಿದ್ರೆ ಬೂದಿ ಲೆಕ್ಕ ಸುಮಾರಾಗಿ ಸಿಕ್ತು. ಪರೀಕ್ಷೆ ಇನ್ನೂ ಆಗಿಲ್ಲ, ಮಣ್ಣು ಹುಳಿ ಅನ್ನೋದಂತೂ ಗ್ಯಾರಂಟಿ ಅನ್ನೋರು ಚದರ ಮೀಟರಿಗೆ ವರ್ಷಕ್ಕೆ 50ರಿಂದ 100 ಗ್ರಾಂ ಒಳಗೇ ಇರಿ. ಜಾಸ್ತಿ ಆದ್ರೆ ಕಬ್ಬಿಣ, ಸತು, ಮ್ಯಾಂಗನೀಸ್ ಗಿಡಕ್ಕೆ ಸಿಗಲ್ಲ, ಎಳೆ ಎಲೆಯಲ್ಲಿ ನರ ಹಸಿರಾಗೇ ಇದ್ದು ನಡುವೆ ಹಳದಿ ಆಗುತ್ತೆ, ಅದನ್ನ ನೋಡಿ ಪಾಪ ಗಿಡಕ್ಕೆ ಹಸಿವು ಅಂತ ಇನ್ನೊಂದು ಬುಟ್ಟಿ ಬೂದಿ ತಂದು ಸುರಿಯೋರೂ ಇದ್ದಾರೆ. ಏರಿದ ಪಿಎಚ್ ಇಳಿಸೋದು ಏರಿಸಿದಷ್ಟು ಸಲೀಸಲ್ಲ.

ಕೆಲವು ಗಿಡಕ್ಕಂತೂ ಹುಳಿನೇ ಬೇಕು, ಚಹಾ, ಬ್ಲೂಬೆರಿ, ಅಜೇಲಿಯಾ ಇವುಗಳ ಹತ್ರ ಬೂದಿ ಸುಳೀಲೇಬಾರ್ದು. ಆಲೂಗಡ್ಡೆ ಮಡಿಗೂ ಬೇಡ, ಪಿಎಚ್ ಏರಿದ್ರೆ ಗೆಡ್ಡೆ ಮೇಲೆ ಕಜ್ಜಿ ರೋಗ ಜಾಸ್ತಿ ಆಗುತ್ತೆ.

ಬೂದಿ ಎಲ್ಲಿಂದ ಬಂತು ಅನ್ನೋದ್ರಲ್ಲಿ ನಾನು ಸ್ವಲ್ಪ ಹಠಮಾರಿ. ಪೇಂಟ್ ಹೊಡೆದ ಮರ, ಪ್ಲೈವುಡ್, ಗೆದ್ದಲು ಹಿಡೀದಂಗೆ ಔಷಧಿ ಕುಡಿಸಿದ ಮರ ಸುಟ್ಟ ಬೂದಿ ಬೇಡ್ವೇ ಬೇಡ. ಅಂಥಾ ಔಷಧಿಗಳಲ್ಲಿ ಹಳೇದೊಂದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಸೇರಿದ್ದು, ಸುಟ್ರೆ ಆರ್ಸೆನಿಕ್ ಒಂದಿಷ್ಟು ಹೊಗೇಲಿ ಹೋಗುತ್ತೆ, ಉಳಿದಿದ್ದು ಬೂದೀಲೇ ಒಟ್ಟಾಗುತ್ತೆ. ಕಲ್ಲಿದ್ದಲ ಬೂದಿ ಬೇರೇನೇ ವಸ್ತು, ಅದನ್ನ ಇದರ ಜೊತೆ ಸೇರಿಸ್ಬೇಡಿ. ದೊಡ್ಡ ಬಾಯ್ಲರ್ ಬೂದಿ ತಗೊಳೋರು ತಳದ ಬೂದಿನೋ ಹೊಗೆ ಜೊತೆ ಹಾರಿ ಫಿಲ್ಟರಲ್ಲಿ ಹಿಡಿದ ಬೂದಿನೋ ಅಂತ ಕೇಳಿ, ಕ್ಯಾಡ್ಮಿಯಂ ಥರದ ಲೋಹ ಕಾವಿಗೆ ಆವಿಯಾಗಿ ಹಾರುಬೂದೀಲೇ ಜಾಸ್ತಿ ಸೇರ್ಕೊಳುತ್ತೆ. ಸ್ವೀಡನ್, ಫಿನ್ಲೆಂಡಲ್ಲಿ ಕಾಡಿನ ಮರ ಸುಟ್ಟು ಬಂದ ಬೂದಿನ ವಾಪಸ್ ಕಾಡಿಗೇ ಹಾಕೋ ಪದ್ಧತಿ ಇದೆ, ಆದ್ರೆ ಹಂಗೇ ಪುಡಿ ಎರಚಲ್ಲ, ನೀರು ಕಲಸಿ ಗಟ್ಟಿ ಮಾಡಿ ಹರಳು ಮಾಡಿ ಹಾಕ್ತಾರೆ, ಒಂದೇ ಸಲ ಕ್ಷಾರ ಏರಿ ನೆಲದ ಪಾಚಿ ಸುಡಬಾರ್ದು ಅಂತ, ಲೋಹಗಳಿಗೂ ಮಿತಿ ಇಟ್ಟಿದ್ದಾರೆ.

ನಮ್ಮಂಥವರ ಬಕೆಟ್ ಬೂದಿಗೆ ಅಷ್ಟೆಲ್ಲಾ ಬೇಡ, ಆದ್ರೆ ಹೊಸ ಬೂದಿ ಪಿಎಚ್ 10ರ ಮೇಲೇ ಇರುತ್ತೆ ಅನ್ನೋದು ನೆನಪಿರ್ಲಿ, ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ, ಗಾಳಿ ಇಲ್ಲದ ಹೊತ್ತು. ಮಳೇಲಿ ನೆನೆಯೋಕೆ ಬಿಟ್ರೆ ಪೊಟ್ಯಾಷ್ ನೀರಲ್ಲಿ ಹೋಗುತ್ತೆ, ಸುಣ್ಣದ ಅಂಶ ಮಾತ್ರ ಉಳಿಯುತ್ತೆ, ಆದ್ರಿಂದ ಮುಚ್ಚಳ ಇರೋ ಡಬ್ಬ ಬೇಕು, ಅದೂ ಲೋಹದ್ದು, ಬೂದಿಯೊಳಗಿನ ಕೆಂಡ ದಿನಗಟ್ಟಲೆ ಜೀವ ಹಿಡ್ಕೊಂಡಿರುತ್ತೆ. ಯೂರಿಯಾ, ಅಮೋನಿಯಂ ಗೊಬ್ಬರ, ಹಸಿ ಸಗಣಿ ಜೊತೆ ಬೆರೆಸಿದ್ರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತೆ, ಮೂಗಿಗೇ ಗೊತ್ತಾಗುತ್ತೆ, ಎರಡಕ್ಕೂ ನಡುವೆ ಕೆಲವು ವಾರ ಅಂತರ ಇಡಿ. ಬಿತ್ತೋದಕ್ಕೆ ಎರಡು ಮೂರು ವಾರ ಮುಂಚೆ ತೆಳ್ಳಗೆ ಎರಚಿ ಮೇಲಿನ 10–15 ಸೆಂಮೀ ಮಣ್ಣಿಗೆ ಬೆರೆಸಿ, ಗುಡ್ಡೆ ಬಿಟ್ರೆ ಅಲ್ಲಿ ಮೊಳಕೆ ಸುಟ್ಟೋಗುತ್ತೆ.

ಬೂದಿ ಬೇಕು ಅಂತಾನೇ ಕಸಕಡ್ಡಿ ಸುಡೋದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಬಡ ಮಣ್ಣಿಗೆ ಇಂಗಾಲನೂ ಬೇಕು ಸಾರಜನಕನೂ ಬೇಕು, ಅದೆರಡನ್ನೂ ಹೊಗೆ ಮಾಡಿ ಹಿಡಿಯಷ್ಟು ಕ್ಷಾರ ಉಳಿಸ್ಕೊಂಡ್ರೆ ಏನು ಬಂತು, ಎಲೆ ಕಾಂಪೋಸ್ಟಿಗೆ ಹೋಗ್ಲಿ, ಹೇಗೂ ಒಲೇಲಿ ಸುಟ್ಟು ಉಳಿದ ಬೂದಿ ಮಣ್ಣಿಗೆ ಬರ್ಲಿ. ಒಂದು ಬೆಳೆ ತೆಗೆದ್ಮೇಲೆ ಅದೇ ಆಳದಿಂದ ಮಣ್ಣು ತೆಗೆದು ಮತ್ತೆ ಪಿಎಚ್ ನೋಡಿ, 6.5 ಮುಟ್ಟಿದ್ರೆ ಆ ಮಡಿಗೆ ಬೂದಿ ನಿಲ್ಸಿ, ಉಳಿದಿದ್ದನ್ನ ಪಕ್ಕದ ಮಡಿಗೆ ಪರೀಕ್ಷೆ ಮಾಡಿ ಹಾಕಿ.