ಜರ್ಮನ್ ಕೀಬೋರ್ಡಿನ ಮೇಲೆ ಕನ್ನಡದ ಬೆರಳುಗಳು

ಜರ್ಮನಿಗೆ ಕೆಲಸಕ್ಕೆಂದು ಹೊರಟವರು ಚಳಿ, ಭಾಷೆ, ಮನೆ ಬಾಡಿಗೆ ಎಲ್ಲವನ್ನೂ ವಿಚಾರಿಸಿಕೊಂಡು ಬರುತ್ತಾರೆ. ಕಚೇರಿಯ ಮೇಜಿನ ಮೇಲೆ ಕಾದಿರುವ ಕೀಬೋರ್ಡ್ ಬಗ್ಗೆ ಯಾರೂ ಹೇಳಿರುವುದಿಲ್ಲ. ಇಲ್ಲಿ ವೈ ಮತ್ತು ಝಡ್ ಅದಲುಬದಲು. ಜರ್ಮನ್ ಬರವಣಿಗೆಯಲ್ಲಿ ಝಡ್ ಪದೇ ಪದೇ ಬರುತ್ತದೆ, ವೈ ಅಪರೂಪ. ಹಾಗಾಗಿ ಝಡ್‌ಗೆ ಮೇಲಿನ ಸಾಲಿನ ನಡುವೆ ಜಾಗ ಸಿಕ್ಕಿದೆ. ಇದು ಬೇಗ ರೂಢಿಯಾಗುತ್ತದೆ. ಪ್ರೋಗ್ರಾಮ್ ಬರೆಯುವವರಿಗೆ ನಿಜವಾದ ಕಷ್ಟ ಬ್ರಾಕೆಟ್‌ಗಳದ್ದು. ಕರ್ಲಿ ಬ್ರಾಕೆಟ್, ಸ್ಕ್ವೇರ್ ಬ್ರಾಕೆಟ್ ಎಲ್ಲವೂ 7, 8, 9, 0 ಅಂಕಿಗಳ ಮೇಲೆ ಕುಳಿತಿವೆ. ಬಲಗಡೆಯ ಆಲ್ಟ್-ಜಿಆರ್ ಕೀಲಿಯನ್ನು ಹೆಬ್ಬೆರಳಿನಿಂದ ಅದುಮಿ, ಅದೇ ಕೈಯ ಬೆರಳನ್ನು ಮೇಲಕ್ಕೆ ಚಾಚಬೇಕು.

ಆದರೆ ಕೀಲಿಯ ಮೇಲಿನ ಅಕ್ಷರ ಬರೀ ಮುದ್ರಣ. ಒತ್ತಿದಾಗ ಕೀಬೋರ್ಡ್ ಕಳುಹಿಸುವುದು ಆ ಜಾಗದ ಸಂಕೇತವನ್ನು ಮಾತ್ರ. ಅದು ಯಾವ ಅಕ್ಷರ ಎಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಮ್. ಈ ಒಂದು ಸಂಗತಿ ತಿಳಿದರೆ ಹೊಸ ಕೀಬೋರ್ಡ್ ಕೊಳ್ಳುವ ಯೋಚನೆಯನ್ನೇ ಬಿಡಬಹುದು. ನಾನು ವಿಂಡೋಸ್‌ನಲ್ಲಿ ಅಮೆರಿಕನ್ ಇಂಟರ್‌ನ್ಯಾಷನಲ್ ವಿನ್ಯಾಸ (ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿ) ಹಾಕಿಕೊಂಡಿದ್ದೇನೆ. ಬ್ರಾಕೆಟ್‌ಗಳು ಹಳೆಯ ಜಾಗಕ್ಕೆ ಬಂದವು. ಜರ್ಮನ್ ಪತ್ರ ಬರೆಯುವಾಗ ಎ, ಓ, ಯು ಮೇಲೆ ಎರಡು ಚುಕ್ಕಿಯ ಅಕ್ಷರಗಳಿಗೆ ಆಲ್ಟ್-ಜಿಆರ್ ಜೊತೆ ಕ್ರಮವಾಗಿ ಕ್ಯೂ, ಪಿ, ವೈ ಒತ್ತಿದರಾಯಿತು (ಈ ವೈ ಇರುವುದು ಝಡ್ ಎಂದು ಮುದ್ರಿಸಿದ ಕೀಲಿಯಲ್ಲಿ).

ಕನ್ನಡಕ್ಕೆ ವಿಂಡೋಸ್‌ನಲ್ಲೇ ಇರುವ ಇನ್‌ಸ್ಕ್ರಿಪ್ಟ್ ಎಂಬ ಭಾರತೀಯ ಭಾಷೆಗಳ ವಿನ್ಯಾಸ ಬಳಸುತ್ತೇನೆ, ಮತ್ತು ಇಲ್ಲಿಯೇ ನನಗೆ ಅತಿ ಹೆಚ್ಚು ಸಂತೋಷ ಸಿಕ್ಕಿದ್ದು. ಜರ್ಮನ್ನರ ಚುಕ್ಕಿಯ ಓ ಒತ್ತಿದರೆ ಚ, ಚುಕ್ಕಿಯ ಎ ಒತ್ತಿದರೆ ಟ, ಚುಕ್ಕಿಯ ಯು ಒತ್ತಿದರೆ ಡ. ಅಡ್ಡಗೆರೆಯ ಕೀಲಿಯಲ್ಲಿ ಯ. ಊರಿನಲ್ಲಿ ಕಲಿತ ಬೆರಳಿಗೆ ಏನೂ ಬದಲಾಗಿಲ್ಲ, ಕಣ್ಣು ಕೆಳಗೆ ನೋಡದಿದ್ದರೆ ಸಾಕು.

ಕೀಲಿಗಳನ್ನೇ ಬದಲಿಸಬೇಕೆಂದರೆ, ಉದಾಹರಣೆಗೆ ಕ್ಯಾಪ್ಸ್ ಲಾಕ್ ಕೀಲಿಯನ್ನು ಕಂಟ್ರೋಲ್ ಮಾಡಿಕೊಳ್ಳಬೇಕೆಂದರೆ, ಎರಡು ದಾರಿಗಳಿವೆ. ಮೈಕ್ರೋಸಾಫ್ಟ್‌ನ ಉಚಿತ ತಂತ್ರಾಂಶ ಪವರ್‌ಟಾಯ್ಸ್‌ನ ಕೀಬೋರ್ಡ್ ಮ್ಯಾನೇಜರ್ ಸುಲಭ, ಆದರೆ ಅದು ಲಾಗಿನ್ ಆದ ಮೇಲಷ್ಟೇ ಕೆಲಸ ಮಾಡುತ್ತದೆ. ಪಾಸ್‌ವರ್ಡ್ ಬರೆಯುವ ಪರದೆಯಲ್ಲಿ ಕೀಲಿಗಳು ಮೂಲ ಸ್ಥಿತಿಯಲ್ಲೇ ಇರುತ್ತವೆ. ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ ಸ್ಕ್ಯಾನ್‌ಕೋಡ್ ಮ್ಯಾಪ್ (ಒಂದು ಕೀಲಿಯ ಸಂಕೇತವನ್ನು ಇನ್ನೊಂದಕ್ಕೆ ಬದಲಿಸುವ ಪಟ್ಟಿ) ಬರೆದರೆ ಬದಲಾವಣೆ ಅಲ್ಲಿಯೂ ಅನ್ವಯಿಸುತ್ತದೆ, ಆ ಯಂತ್ರ ಬಳಸುವ ಎಲ್ಲರಿಗೂ ಅನ್ವಯಿಸುತ್ತದೆ. ಅದಕ್ಕೆ ಅಡ್ಮಿನ್ ಅಧಿಕಾರ ಬೇಕು, ಕಂಪ್ಯೂಟರನ್ನು ಮರುಪ್ರಾರಂಭಿಸಲೂ ಬೇಕು. ಕಚೇರಿಯ ಯಂತ್ರದಲ್ಲಿ ಇದನ್ನು ಕೇಳದೆ ಮಾಡಬೇಡಿ. ಲಿನಕ್ಸ್ ಬಳಸುವವರಿಗೆ ‘ಕಂಟ್ರೋಲ್ ನೋಕ್ಯಾಪ್ಸ್’ ಎಂಬ ಸಿದ್ಧ ಆಯ್ಕೆಯೇ ಇದೆ.

ಸಹೋದ್ಯೋಗಿಯೊಡನೆ ಕಂಪ್ಯೂಟರ್ ಹಂಚಿಕೊಳ್ಳುವವರು ಜರ್ಮನ್ ವಿನ್ಯಾಸವನ್ನು ತೆಗೆದುಹಾಕದೆ, ಪಟ್ಟಿಯಲ್ಲೇ ಉಳಿಸಿಕೊಳ್ಳಿ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಎದ್ದು ಹೋಗುವ ಮುನ್ನ ಅವರ ವಿನ್ಯಾಸಕ್ಕೆ ಮರಳಿಸಿಡಿ.