ಪೋಸ್ಟ್ ಡಬ್ಬಿ ಬಣ್ಣದ ಬಾಗಿಲು

17 ನವೆಂಬರ್ 2024, ಭಾನುವಾರ

ಬೆರಳ ಸಂದಿಯಿಂದ ಕೆಂಪು ಇನ್ನೂ ಹೋಗಿಲ್ಲ. ಸೀಮೆಎಣ್ಣೆ ಆಯಿತು, ತೆಂಗಿನೆಣ್ಣೆ ಆಯಿತು. ಊಟಕ್ಕೆ ಕೂತಾಗ ಅತ್ತೆ ನನ್ನ ಕೈ ನೋಡಿ, "ಹಂದಿ ಕಡಿದು ಬಂದ ಹಾಗಿದೆಯಲ್ಲ" ಎಂದರು.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಇನ್ನು ಒಂದು ತಿಂಗಳೂ ಇಲ್ಲ. ಅಷ್ಟರೊಳಗೆ ಮುಂಬಾಗಿಲಿಗೆ ಬಣ್ಣ ಆಗಲೇಬೇಕು ಎಂದು ಹಟ ಹಿಡಿದವಳು ನಾನೇ. ನಮ್ಮದು ಹಲಸಿನ ಮರದ ಬಾಗಿಲು. ಜೂನ್ ಬಂತೆಂದರೆ ನೀರು ಕುಡಿದು ಉಬ್ಬುತ್ತದೆ. ಸೆಪ್ಟೆಂಬರ್‌ವರೆಗೂ ಭುಜ ಕೊಟ್ಟೇ ತಳ್ಳಬೇಕು. ಹಳೇ ಹಸಿರು ಬಣ್ಣ ಕೆಳಗಡೆ ಒಂದು ಗೇಣು ಹಪ್ಪಳದ ಹಾಗೆ ಎದ್ದು ನಿಂತಿತ್ತು.

ಕಳೆದ ಭಾನುವಾರ ತಿರುಪು ಬಿಚ್ಚಿ ಬಾಗಿಲನ್ನು ಇಳಿಸಿದಾಗ ಕಾರಣ ಸಿಕ್ಕಿತು. ಬಾಗಿಲಿನ ಅಡಿಯ ಅಂಚಿಗೆ ಯಾರೂ ಯಾವತ್ತೂ ಬಣ್ಣವನ್ನೇ ಹಚ್ಚಿಲ್ಲ! ಕಾಣುವುದಿಲ್ಲವಲ್ಲ, ಯಾಕೆ ಹಚ್ಚಬೇಕು ಅಂತ. ನೀರು ಹತ್ತಿದ್ದೇ ಅಲ್ಲಿಂದ. ನಾನು ಮೊದಲು ಬಳಿದದ್ದು ಆ ಅಂಚಿಗೆ.

ಉಜ್ಜುವುದು ನೀರು ಹಾಕಿಯೇ, ವಾಟರ್ ಪೇಪರ್‌ನಲ್ಲಿ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಹೊಸ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ನಮ್ಮ ಹಸಿರು ಅದಕ್ಕಿಂತ ಎಷ್ಟೋ ಹಳೆಯದು. ಒಣ ಧೂಳು ಮಕ್ಕಳ ಮೂಗಿಗೆ ಹೋಗುವುದು ಬೇಡ.

ಬಣ್ಣ ತಂದದ್ದು ಅದಕ್ಕೂ ಮೊದಲು, ಶುಕ್ರವಾರದ ಸಂತೆಗೆ ಮಡಿಕೇರಿಗೆ ಹೋದಾಗ. ನನಗೆ ಹಣ್ಣಾದ ಅರೇಬಿಕಾ ಕಾಫಿಯ ಕೆಂಪು ಬೇಕಿತ್ತು. ಈಗ ತೋಟದ ತುಂಬಾ ಇದೆಯಲ್ಲ, ಆ ಕೆಂಪು. ಒಂದು ಹಣ್ಣು ಕಿತ್ತು ಪರ್ಸಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಗಡಿಯಲ್ಲಿ ತೆಗೆದು ನೋಡಿದರೆ ಕಂದು ತಿರುಗಿದೆ. ಕೊನೆಗೆ ಶೇಡ್ ಕಾರ್ಡ್‌ನಲ್ಲಿ ಹತ್ತಿರ ಕಂಡದ್ದು ಪಿ.ಓ. ರೆಡ್. ಪಿ.ಓ. ಎಂದರೆ ಪೋಸ್ಟ್ ಆಫೀಸ್. ಇವರಿಗೆ ಹೇಳಬಾರದಿತ್ತು. "ಕಾಗದ ಹಾಕೋಕೆ ತೂತು ಎಲ್ಲಿ ಕೊರೀಲಿ?" ಅಂತ ವಾರದಿಂದ ಒಂದೇ ಸಮ.

ಎರಡು ಕೋಟ್ ಸಾಕು ಎಂದಿದ್ದರು ಅಂಗಡಿಯವರು. ಸಾಕಾಗಲಿಲ್ಲ. ಕೆಂಪು ನೋಡಲು ಜೋರು, ಮುಚ್ಚುವುದರಲ್ಲಿ ಬಡವ. ಬಿಳಿ ಪ್ರೈಮರ್ ಮೇಲೆ ಬಳಿದರೆ ಬ್ರಷ್ ಹೋದ ಒಂದೊಂದು ಗೆರೆಯೂ ಗುಲಾಬಿಯಾಗಿ ಕಾಣುತ್ತದೆ. ಅಡಿಯಲ್ಲಿ ಬೂದು ಬಣ್ಣದ ಒಂದು ಕೋಟ್ ಹಾಕಿದ್ದರೆ ಬೇಗ ಮುಗಿಯುತ್ತಿತ್ತಂತೆ. ಇದು ನನಗೆ ಗೊತ್ತಾದದ್ದು ಮೊದಲ ಕೋಟ್ ಆದ ಮೇಲೆ. ಆ ಕೋಟನ್ನೂ ಗುರುವಾರ ಸಂಜೆ ಬಳಿದೆ, ಬುದ್ಧಿಗೇಡಿ. ಎನಾಮೆಲ್ ಗಟ್ಟಿಯಾಗುವುದು ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು. ಚಳಿ, ತೇವ ಇದ್ದರೆ ಅದು ನಿಧಾನ. ರಾತ್ರಿ ಮಂಜು ಇಳಿಯಿತು. ಬೆಳಿಗ್ಗೆ ನೋಡಿದರೆ ಹೊಳಪೆಲ್ಲ ಹೋಗಿ ಮಬ್ಬು, ಮೇಲೆ ನಾಲ್ಕೈದು ಹುಳ. ಮತ್ತೆ ಉಜ್ಜಿದೆ. ಆಮೇಲೆ ದಿನಕ್ಕೊಂದು ತೆಳು ಕೋಟ್, ಬಿಸಿಲು ಏರಿದ ಮೇಲೆಯೇ. ಮೊದಲು ಹಲಗೆಗಳಿಗೆ, ಆಮೇಲೆ ಅಡ್ಡಪಟ್ಟಿ, ಕೊನೆಗೆ ಉದ್ದಪಟ್ಟಿ. ಇವತ್ತಿನದು ನಾಲ್ಕನೆಯದು. ಈಗ ಮುಚ್ಚಿದೆ.

ಜಗಳ ಆದದ್ದು ಒಳಮುಖದ ಬಗ್ಗೆ.

ಬಾಗಿಲಿನ ಒಳಮುಖದಲ್ಲಿ ಮಾವನ ಮಳೆ ಲೆಕ್ಕ ಇದೆ. ಇಂಚು, ಸೆಂಟ್, ಪೆನ್ಸಿಲ್‌ನಲ್ಲಿ. ಸೆಂಟ್ ಎಂದರೆ ಇಂಚಿನ ನೂರನೇ ಒಂದು ಪಾಲು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೋನ್ ಮಾಡಿದರೆ "ಊಟ ಆಯ್ತಾ" ಅಂತ ಕೇಳುವ ಮೊದಲು "ಎಷ್ಟು ಇಂಚು" ಅಂತ ಕೇಳುವವರು ನಾವು. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆಗೆ ಮಾವ ಪಕ್ಕದಲ್ಲಿ ಒಂದು ಸೊನ್ನೆಯಷ್ಟು ಹೂವು ಬರೆಯುತ್ತಿದ್ದರು. 2018ರ ಆಗಸ್ಟ್‌ನ ಒಂದು ದಿನ ಅಂಕಿಯೇ ಇಲ್ಲ. "ತುಂಬಿ ಚೆಲ್ಲಿದೆ" ಎಂದಷ್ಟೇ ಇದೆ. ಮಾವ ಹೋದ ಮೇಲೆ ಇವರು ಬರೆಯುತ್ತಿದ್ದಾರೆ, ಅದೇ ಬಾಗಿಲಿನ ಮೇಲೆ.

ನಾನು ಅದನ್ನು ಮುಟ್ಟುವುದಿಲ್ಲ ಎಂದೆ. ಇವರಿಗೂ ಮುಟ್ಟುವುದು ಇಷ್ಟವಿಲ್ಲ. ಆದರೆ ಹೊರಗಡೆ ಮಾತ್ರ ಬಣ್ಣ ಬಳಿದು ಒಳಗಡೆ ಹಾಗೇ ಬಿಟ್ಟರೆ, ಒಂದೇ ಕಡೆಯಿಂದ ತೇವ ಹೀರಿ ಹಲಗೆ ಬಾಗುತ್ತದೆ ಎಂದರು. ಅದೂ ನಿಜವೇ. ಬಣ್ಣವಿಲ್ಲದ ವಾರ್ನಿಶ್ ಬಳಿಯೋಣ ಎಂದು ಹೇಳಿದ್ದು ಅತ್ತೆ. ಪೆನ್ಸಿಲ್ ಅಳಿಸಿಹೋದರೆ? ನಿನ್ನೆ ಬೆಳಿಗ್ಗೆ ಮೆತ್ತನೆಯ ಬ್ರಷ್‌ನಲ್ಲಿ ಒಂದು ಜನವರಿಯ ಮೇಲೆ ಹಚ್ಚಿ ನೋಡಿದೆ. ಅಲ್ಲಿರುವುದು ಬರೀ ಸೊನ್ನೆ, ಹೋದರೂ ಹೋಗಲಿ. ಅಳಿಸಲಿಲ್ಲ. ಇನ್ನೂ ಕಪ್ಪಗೆ ಕಂಡಿತು. ಉಸಿರು ಬಿಗಿ ಹಿಡಿದು ಪೂರ್ತಿ ಬಳಿದೆ.

ಹಿತ್ತಾಳೆ ಕೊಂಡಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಇಟ್ಟಿದ್ದೇನೆ, ನಾಳೆ ಹಾಕಬೇಕು. ಹುತ್ತರಿಯ ದಿನ ಭತ್ತದ ಕದಿರು ಕಟ್ಟುವುದಕ್ಕೆ ಒಂದು ಚಿಕ್ಕ ಕೊಕ್ಕೆಯೂ ತಂದಿದೆ. ಈ ಸಲ ಯಾರಾದರೂ ಬಾಗಿಲಿಗೆ ಮೊಳೆ ಹೊಡೆದರೆ ನೋಡಿ ಮತ್ತೆ. ಮಾವಿನ ತೋರಣ ದಾರಂದದ ಮೇಲೆಯೇ ಇರಲಿ.

ನಿನ್ನೆ ರಾತ್ರಿ ಸುಮ್ನೆ ಏಳು ಸೆಂಟ್ ಮಳೆ. ಕಣದಲ್ಲಿ ಕಾಫಿ ಹರಡಿದವರು ಓಡಿದ್ದೇ ಓಡಿದ್ದು. ಬೆಳಿಗ್ಗೆ ಇವರು ಅಳತೆ ನೋಡಿ ಬಂದು, ಅಭ್ಯಾಸಬಲದಿಂದ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಬಾಗಿಲಿನ ಹಿಂದೆ ನಿಂತರು. ಪೆನ್ಸಿಲ್ ಜಾರಿತು. ವಾರ್ನಿಶ್ ಮೇಲೆ ಗೆರೆಯೇ ಮೂಡಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು. ಆಮೇಲೆ ಅವರು ಪಕ್ಕಕ್ಕೆ ಸರಿದು ದಾರಂದದ ಮೇಲೆ ಬರೆದರು: 16-11, 0.07.

ದಾರಂದಕ್ಕೆ ನಾಳೆ ಬಣ್ಣ ಬಳಿಯಬೇಕಿತ್ತು.